ಕ್ರೀಡಾ ತಂಡಗಳ ಹಸಿರು ಲೆಕ್ಕ

ಹುಲ್ಲು ಹಸಿರಾಗಿದ್ದ ಮಾತ್ರಕ್ಕೆ ಕ್ರೀಡಾಂಗಣ ಹಸಿರಾಗುವುದಿಲ್ಲ. ಆ ಹುಲ್ಲಿಗೆ ದಿನವೂ ನೀರು ಬೇಕು, ಗೊಬ್ಬರ ಬೇಕು, ಕತ್ತರಿಸಲು ಯಂತ್ರ ಬೇಕು. ರಾತ್ರಿ ಪಂದ್ಯಕ್ಕೆ ಹೊನಲು ಬೆಳಕು ಬೇಕು. ಪಂದ್ಯ ನೋಡಲು ಬರುವ ಸಾವಿರಾರು ಜನರ ಓಡಾಟಕ್ಕೆ ಇಂಧನ ಬೇಕು. ಇವೆಲ್ಲವೂ ಪರಿಸರದಿಂದಲೇ ಬರಬೇಕು. ಇವುಗಳಿಂದ ಹೊರಬೀಳುವ ಕಸ, ಕೊಳೆನೀರು, ಇಂಗಾಲದ ಡೈಆಕ್ಸೈಡುಗಳೂ ಪರಿಸರಕ್ಕೇ ಸೇರಬೇಕು.

ಕಳೆದ ಹದಿನೈದು ವರ್ಷಗಳಲ್ಲಿ ವೃತ್ತಿಪರ ಕ್ರೀಡಾ ತಂಡಗಳು ಈ ಹೊರೆಯನ್ನು ಇಳಿಸುವುದಾಗಿ ಹೇಳಿಕೊಳ್ಳತೊಡಗಿವೆ. ಸೌರಫಲಕ, ಮಳೆನೀರು ಸಂಗ್ರಹ, ಗಿಡ ನೆಡುವುದು, ಹಸಿರು ಅಂಗಿ ತೊಟ್ಟು ಆಡುವುದು - ಹೀಗೆ ಪಟ್ಟಿ ಉದ್ದವಿದೆ. ಇವುಗಳಲ್ಲಿ ನಿಜವಾದ ಉಳಿತಾಯ ಯಾವುದು, ಬರಿಯ ಪ್ರದರ್ಶನ ಯಾವುದು? ಪ್ರಶ್ನೆ ದೊಡ್ಡ ನಗರಗಳದ್ದು ಎಂದು ನೀವು ಭಾವಿಸಬಹುದು. ಆದರೆ ಬೆಂಗಳೂರಿನಿಂದ ಸುಮಾರು ಆರುನೂರು ಕಿ.ಮೀ. ದೂರದ ಐನಾಪುರದಂಥ ಊರಿನ ಹುಡುಗರೂ ಈ ತಂಡಗಳ ಅಂಗಿ ತೊಡುತ್ತಾರೆ. ಅವು ಮಾಡಿದ್ದನ್ನು ಮಾದರಿ ಎಂದು ತಿಳಿಯುತ್ತಾರೆ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಮೂಲಕ ನಮ್ಮ ಶಾಲೆಗಳಲ್ಲಿ ಪರಿಸರ ಸಂಘಗಳು ಹುಟ್ಟಿಕೊಂಡಿವೆ. ಆ ಸಂಘಗಳು ಏನನ್ನು ಅನುಕರಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ತೀರ್ಮಾನಿಸಲು ಒಂದು ಅಳತೆಗೋಲು ಬೇಕು. ಅದನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಒಂದು ಫುಟ್‌ಬಾಲ್ ಕ್ಲಬ್ಬಿನ ಪ್ರಯೋಗ

ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ನೇಲ್ಸ್‌ವರ್ತ್ ಎಂಬ ಚಿಕ್ಕ ಪಟ್ಟಣದಲ್ಲಿ ಫಾರೆಸ್ಟ್ ಗ್ರೀನ್ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ ಇದೆ. ಅದರ ಸ್ಥಾಪನೆ 1889ರಲ್ಲಿ. 2010ರಲ್ಲಿ ಹಸಿರು ವಿದ್ಯುತ್ ಮಾರುವ ಕಂಪನಿಯೊಂದರ ಒಡೆಯ ಡೇಲ್ ವಿನ್ಸ್ ಅದರ ಅಧ್ಯಕ್ಷರಾದರು. ಆಮೇಲೆ ಕ್ಲಬ್ಬಿನ ನಡೆಯೇ ಬದಲಾಯಿತು. ಛಾವಣಿಯ ಮೇಲೆ ಸೌರಫಲಕಗಳು ಬಂದವು. ಮೈದಾನಕ್ಕೆ ರಾಸಾಯನಿಕ ಗೊಬ್ಬರ, ಕೀಟನಾಶಕ ಹಾಕುವುದು ನಿಂತಿತು. ಹುಲ್ಲು ಕತ್ತರಿಸಲು ವಿದ್ಯುತ್ ಯಂತ್ರ ಬಂತು. ಮೈದಾನದಿಂದ ಬಸಿದ ನೀರನ್ನು ಹಿಡಿದು ಮತ್ತೆ ಹುಲ್ಲಿಗೇ ಬಳಸುವ ಏರ್ಪಾಡಾಯಿತು. 2015ರಿಂದ ಆಟಗಾರರಿಗೂ ಪ್ರೇಕ್ಷಕರಿಗೂ ಸಸ್ಯಮೂಲದ ಆಹಾರ ಮಾತ್ರ. ದನ, ಕುರಿಗಳಂಥ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಪ್ರಬಲವಾದ ಹಸಿರುಮನೆ ಅನಿಲ. ಆದ್ದರಿಂದ ಮಾಂಸ, ಹಾಲು ಬಿಟ್ಟದ್ದಕ್ಕೆ ವೈಜ್ಞಾನಿಕ ಕಾರಣವಿದೆ. 2018ರಲ್ಲಿ ವಿಶ್ವಸಂಸ್ಥೆಯ ಯೋಜನೆಯಡಿ ಈ ಕ್ಲಬ್ 'ಇಂಗಾಲ ತಟಸ್ಥ' ಎಂಬ ಮಾನ್ಯತೆ ಪಡೆಯಿತು.

ಇಲ್ಲಿ 'ಇಂಗಾಲ ತಟಸ್ಥ' ಎಂಬ ಪದದ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಕ್ಲಬ್ಬಿನಿಂದ ಇಂಗಾಲ ಹೊರಬೀಳುವುದೇ ಇಲ್ಲವೆಂದು ಇದರ ಅರ್ಥವಲ್ಲ. ಸಾಧ್ಯವಾದಷ್ಟು ಕಡಿಮೆ ಮಾಡಿ, ಉಳಿದದ್ದಕ್ಕೆ ಬೇರೆಲ್ಲೋ ನಡೆಯುವ ಉಳಿತಾಯವನ್ನು ಹಣ ಕೊಟ್ಟು ಸರಿದೂಗಿಸಿದೆ ಎಂದಷ್ಟೇ ಅರ್ಥ. ಕಡಿತ ಬೇರೆ, ಸರಿದೂಗಿಸುವಿಕೆ ಬೇರೆ. ಮೊದಲನೆಯದನ್ನು ಮೀಟರಿನಲ್ಲಿ ನೋಡಬಹುದು. ಎರಡನೆಯದನ್ನು ಕಾಗದದಲ್ಲಿ ಮಾತ್ರ.

ಈ ಕ್ಲಬ್ ಬಹುತೇಕ ಮರದಿಂದಲೇ ಕಟ್ಟುವ ಹೊಸ ಕ್ರೀಡಾಂಗಣದ ಯೋಜನೆಯನ್ನೂ ಮಾಡಿತು. ಅದಕ್ಕೆ 2019ರ ಡಿಸೆಂಬರಿನಲ್ಲಿ ಸ್ಥಳೀಯ ಆಡಳಿತದ ಅನುಮತಿ ದೊರೆಯಿತು. ಉಕ್ಕು, ಸಿಮೆಂಟಿಗಿಂತ ಮರ ಮೇಲೆಂಬುದು ಸರಿ. ಆದರೆ ಆರಿಸಿದ ಜಾಗ ಮೋಟಾರು ಹೆದ್ದಾರಿಯ ಪಕ್ಕದ್ದು. ಕಟ್ಟಡದಲ್ಲಿ ಉಳಿಸಿದ್ದನ್ನು ಪ್ರೇಕ್ಷಕರ ಕಾರುಗಳು ಕಳೆಯುವುದಿಲ್ಲವೇ? ಈ ಪ್ರಶ್ನೆ ನಮ್ಮನ್ನು ಮುಖ್ಯ ವಿಷಯಕ್ಕೆ ಕರೆದೊಯ್ಯುತ್ತದೆ.

ಗೆರೆ ಎಲ್ಲಿ ಎಳೆಯಬೇಕು?

ಭೌತಶಾಸ್ತ್ರದ ಲೆಕ್ಕ ಮಾಡುವಾಗ ಮೊದಲು 'ವ್ಯೂಹ' ಯಾವುದೆಂದು ಗುರುತಿಸುತ್ತೇವೆ. ಯಾವುದು ಒಳಗೆ, ಯಾವುದು ಹೊರಗೆ ಎಂಬುದು ತೀರ್ಮಾನವಾಗದೆ ಶಕ್ತಿಯ ಲೆಕ್ಕ ಸಾಧ್ಯವಿಲ್ಲ. ಪರಿಸರದ ಲೆಕ್ಕವೂ ಹಾಗೆಯೇ. ಗೆರೆಯನ್ನು ಕ್ರೀಡಾಂಗಣದ ಬೇಲಿಗೇ ಎಳೆದರೆ ಒಂದು ಉತ್ತರ. ಪ್ರೇಕ್ಷಕರ ಮನೆಬಾಗಿಲಿಗೆ ಎಳೆದರೆ ಇನ್ನೊಂದು.

2022ರ ಕತಾರ್ ವಿಶ್ವಕಪ್ ಫುಟ್‌ಬಾಲ್ ಇದಕ್ಕೆ ಒಳ್ಳೆಯ ಪಾಠ. ಪಂದ್ಯಾವಳಿ ಇಂಗಾಲ ತಟಸ್ಥವಾಗಿರುತ್ತದೆಂದು ಸಂಘಟಕರು ಸಾರಿದರು. ಒಟ್ಟು ಹೊರಸೂಸುವಿಕೆ ಸುಮಾರು 36 ಲಕ್ಷ ಟನ್ ಎಂದು ಮೊದಲೇ ಅಂದಾಜಿಸಿದ್ದರು. ಅದರಲ್ಲಿ ಅರ್ಧಕ್ಕೂ ಹೆಚ್ಚು ಪ್ರಯಾಣದ್ದು. ಶಾಶ್ವತ ಕ್ರೀಡಾಂಗಣಗಳನ್ನು ಕಟ್ಟಿದ ಇಂಗಾಲದ ಹೊರೆಯನ್ನು ಅವರು ಹಲವು ದಶಕಗಳಿಗೆ ಹಂಚಿ, ಪಂದ್ಯ ನಡೆದ ದಿನಗಳ ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. 'ಕಾರ್ಬನ್ ಮಾರ್ಕೆಟ್ ವಾಚ್' ಎಂಬ ಸಂಸ್ಥೆ ಇದನ್ನು ಪ್ರಶ್ನಿಸಿತು. ಪಂದ್ಯಾವಳಿಗಾಗಿಯೇ ಕಟ್ಟಿದ್ದರ ಹೊರೆಯನ್ನು ಪಂದ್ಯಾವಳಿಯೇ ಹೊರಬೇಕೆಂದು ಹಿಡಿದರೆ ಆ ಅಂಶ ಎಂಟು ಪಟ್ಟಿನವರೆಗೆ ಏರುತ್ತದೆಂದು ಅದು ತೋರಿಸಿತು. 2023ರ ಜೂನಿನಲ್ಲಿ ಸ್ವಿಟ್ಜರ್‌ಲೆಂಡಿನ ಜಾಹೀರಾತು ನಿಯಂತ್ರಣ ಆಯೋಗ, 'ಇಂಗಾಲ ತಟಸ್ಥ' ಎಂಬ ಹೇಳಿಕೆಗೆ ಪುರಾವೆ ಸಾಲದು, ಅದನ್ನು ಬಳಸಬಾರದು ಎಂದಿತು. ಇಲ್ಲಿ ಅಂಕಿ ಸುಳ್ಳಾಗಿರಲಿಲ್ಲ. ಗೆರೆ ಎಳೆದ ಜಾಗ ಅನುಕೂಲದ್ದಾಗಿತ್ತು ಎಂಬುದನ್ನು ಗಮನಿಸಿ.

ನಮ್ಮ ರಾಜ್ಯಕ್ಕೆ ಬಂದರೆ

ಕರ್ನಾಟಕದ ಪ್ರಮುಖ ವೃತ್ತಿಪರ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್.ಸಿ. 2013ರಲ್ಲಿ ಹುಟ್ಟಿತು. ಅದು ಆಡುತ್ತ ಬಂದದ್ದು ಸರ್ಕಾರದ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. ಸ್ವಂತ ಛಾವಣಿಯಿಲ್ಲದ ಕ್ಲಬ್ಬು ಸೌರಫಲಕ ಹಾಕುವುದೆಲ್ಲಿ? ನಮ್ಮ ದೇಶದ ಬಹುಪಾಲು ಕ್ಲಬ್ಬುಗಳ ಸ್ಥಿತಿ ಇದೇ: ಆಟ ಕ್ಲಬ್ಬಿನದು, ಮೈದಾನ ಮತ್ತೊಬ್ಬರದು. ಹಾಗಾಗಿ ಪರೀಕ್ಷೆಗೆ ಸಿಗುವಷ್ಟು ಕೆಲಸ ನಡೆದಿರುವ ಇನ್ನೊಂದು ಜಾಗವನ್ನು ನೋಡೋಣ. ಅದು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣ. ಇಲ್ಲಿಯೂ ಎರಡು ಸಂಸ್ಥೆಗಳಿವೆ: ಮೈದಾನವನ್ನು ನಡೆಸುವ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ, ಮತ್ತು ಅದನ್ನು ತವರು ಮೈದಾನವಾಗಿಸಿಕೊಂಡು ಆಡಿದ ರಾಯಲ್ ಚಾಲೆಂಜರ್ಸ್ ತಂಡ.

ಕ್ರಿಕೆಟ್ ಸಂಸ್ಥೆ 2015ರಲ್ಲಿ ಛಾವಣಿಯ ಮೇಲೆ 400 ಕಿಲೋವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಘಟಕ ಸ್ಥಾಪಿಸಿತು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆಂದು ಹಿಡಿಯಿರಿ. ದಿನಕ್ಕೆ 1,600 ಯೂನಿಟ್, ವರ್ಷಕ್ಕೆ ಸುಮಾರು 5.8 ಲಕ್ಷ ಯೂನಿಟ್ ಆಯಿತು. ಜಾಲದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಂದು ಹಿಡಿದರೆ ವರ್ಷಕ್ಕೆ 400 ಟನ್ ಉಳಿತಾಯ. ಇದು ನಿಜವಾದ ಕೆಲಸ. ಮೀಟರಿನಲ್ಲಿ ಕಾಣುವ ಕೆಲಸ.

ಆದರೂ ಎರಡು ಮಾತು ಸೇರಿಸಬೇಕು. ಒಂದು, ಪಂದ್ಯ ನಡೆಯುವುದು ಹೆಚ್ಚಾಗಿ ರಾತ್ರಿ. ಹೊನಲು ಬೆಳಕು ಉರಿಯುವಾಗ ಸೂರ್ಯನಿರುವುದಿಲ್ಲ. 'ಸೌರಶಕ್ತಿಯಿಂದ ನಡೆದ ಪಂದ್ಯ' ಎಂದರೆ ತಪ್ಪಾಗುತ್ತದೆ. 'ಹಗಲು ಜಾಲಕ್ಕೆ ಸೌರ ವಿದ್ಯುತ್ ಕೊಟ್ಟು ರಾತ್ರಿ ಜಾಲದಿಂದ ಪಡೆಯುವ ಕ್ರೀಡಾಂಗಣ' ಎಂಬುದು ಸರಿಯಾದ ವಾಕ್ಯ. ಎರಡು, ಈ 400 ಟನ್ನಿನ ಯಶಸ್ಸು ಕ್ರಿಕೆಟ್ ಸಂಸ್ಥೆಯದು. ಅದನ್ನೇ ತಂಡವೂ, ಪಂದ್ಯಾವಳಿಯೂ ತಂತಮ್ಮ ಖಾತೆಗೆ ಬರೆದುಕೊಂಡರೆ ಒಂದೇ ಉಳಿತಾಯ ಮೂರಾಗಿ ಕಾಣುತ್ತದೆ.

ಇನ್ನು ಮೈದಾನದ ಅಡಿಯನ್ನು ನೋಡೋಣ. 2017ರಲ್ಲಿ ಇಲ್ಲಿ 'ಸಬ್‌ಏರ್' ಎಂಬ ವ್ಯವಸ್ಥೆ ಆರಂಭವಾಯಿತು. ಜೇಡಿಯ ಬದಲು ಮರಳಿನ ಹಾಸು, ಅದರಡಿ ರಂಧ್ರವಿರುವ ಕೊಳವೆಗಳು, ಕೊಳವೆಗಳಿಂದ ಗಾಳಿಯನ್ನು ಹೀರುವ 200 ಅಶ್ವಶಕ್ತಿಯ ಯಂತ್ರ. ಮಳೆ ಬಂದರೆ ನಿಮಿಷಕ್ಕೆ 10,000 ಲೀಟರು ನೀರನ್ನು ಇದು ಎಳೆಯುತ್ತದೆಂದು ಹೇಳಲಾಯಿತು. ಲೆಕ್ಕ ಹಾಕಿ ನೋಡಿ. ಮೈದಾನದ ತ್ರಿಜ್ಯ 65 ಮೀಟರು ಎಂದಿಟ್ಟುಕೊಂಡರೆ ವಿಸ್ತೀರ್ಣ ಸುಮಾರು 13,300 ಚದರ ಮೀಟರು. 10,000 ಲೀಟರನ್ನು ಅದರ ಮೇಲೆ ಹರಡಿದರೆ 0.75 ಮಿ.ಮೀ. ಅಂದರೆ ಗಂಟೆಗೆ 45 ಮಿ.ಮೀ. ಮಳೆಯನ್ನು ಇದು ಬಸಿಯಬಲ್ಲದು.

ಕೃಷ್ಣಾ ತೀರದ ಓದುಗರಿಗೆ ಇದು ಹೊಸ ವಿಚಾರವಲ್ಲ. ಐನಾಪುರ, ಉಗಾರ ಸೀಮೆಯ ಎರೆ ಭೂಮಿಯಲ್ಲಿ ಕಬ್ಬಿಗೆ ವರ್ಷಗಟ್ಟಲೆ ನೀರು ಹಾಯಿಸಿ ಹೊಲಗಳು ಸವಳು-ಜವಳಾಗಿವೆ. ಅವುಗಳನ್ನು ಮರಳಿ ಸಾಗುವಳಿಗೆ ತರಲು ರಂಧ್ರದ ಕೊಳವೆಗಳನ್ನು ಹೂಳುವ ಭೂಗತ ಬಸಿಗಾಲುವೆ ಪದ್ಧತಿ ಈ ಭಾಗದಲ್ಲಿ ಪರಿಚಿತ. ತತ್ತ್ವ ಎರಡೂ ಕಡೆ ಒಂದೇ. ಹೊಲದಲ್ಲಿ ಗುರುತ್ವ ಮಾಡುವ ಕೆಲಸವನ್ನು ಕ್ರೀಡಾಂಗಣದಲ್ಲಿ ಯಂತ್ರ ಅವಸರದಿಂದ ಮಾಡುತ್ತದೆ. ಹಾಗಾದರೆ ಹೊಲದ ಬಗ್ಗೆ ಕೇಳುವ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು: ಬಸಿದ ನೀರು ಹೋಗುವುದೆಲ್ಲಿಗೆ? ನಮ್ಮಲ್ಲಿ ಉಪ್ಪುನೀರು ಹಳ್ಳಕ್ಕಿಳಿದರೆ ಕೆಳಗಿನವರ ಹೊಲ ಕೆಡುತ್ತದೆ. ಕ್ರೀಡಾಂಗಣದ ನೀರು ಚರಂಡಿಗೆ ಹೋದರೆ ಅದು ಪಂದ್ಯ ಉಳಿಸುವ ಯಂತ್ರ ಮಾತ್ರ. ತೊಟ್ಟಿ ಸೇರಿ ಮತ್ತೆ ಹುಲ್ಲಿಗೆ ಬಂದರೆ ನೀರು ಉಳಿಸುವ ಯಂತ್ರ. ಜೊತೆಗೆ ಮರಳು ನೀರನ್ನು ಹಿಡಿದಿಡುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಮೇಲಿಂದ ಮೇಲೆ ನೀರು ಕೊಡಬೇಕಾಗುತ್ತದೆಂಬುದನ್ನೂ ಮರೆಯುವಂತಿಲ್ಲ.

ಒಂದೇ ಮೈದಾನ, ಎರಡು ಅಂಕಿ

2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದವು. ಜನ ಟ್ಯಾಂಕರಿಗೆ ಸರದಿ ನಿಂತಿದ್ದ ಆ ತಿಂಗಳಲ್ಲೇ ಐ.ಪಿ.ಎಲ್. ಪಂದ್ಯಗಳು ಶುರುವಾದವು. ಮೈದಾನಕ್ಕೆ ನೀರೆಲ್ಲಿಂದ ಎಂಬ ಪ್ರಶ್ನೆ ಎದ್ದಿತು. ಕಬ್ಬನ್ ಪಾರ್ಕಿನ ಶುದ್ಧೀಕರಣ ಘಟಕದಿಂದ ಸಂಸ್ಕರಿಸಿದ ಕೊಳೆನೀರನ್ನು ಕೊಡಲು ಜಲಮಂಡಳಿ ಒಪ್ಪಿತು. ದಿನಕ್ಕೆ ಬೇಕಾದ ಪ್ರಮಾಣ 75,000 ಲೀಟರು ಎಂಬ ಅಂಕಿ ಪತ್ರಿಕೆಗಳಲ್ಲಿ ಬಂತು. ಅದೇ ದಿನಗಳಲ್ಲಿ, ತಮಗೆ ಬೇಕಿರುವುದು 10,000ದಿಂದ 15,000 ಲೀಟರು, ಅದನ್ನು ತಮ್ಮ ಆವರಣದ ಸಂಸ್ಕರಣಾ ಘಟಕದಿಂದಲೇ ಪಡೆಯಬಹುದು ಎಂಬ ಕ್ರಿಕೆಟ್ ಸಂಸ್ಥೆಯ ಮಾತೂ ಪ್ರಕಟವಾಯಿತು. ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡು ವಿವರ ಕೇಳಿತು.

ಎರಡು ಅಂಕಿಗಳಲ್ಲಿ ಯಾವುದು ನಂಬಲರ್ಹ? ವಿಜ್ಞಾನದ ವಿದ್ಯಾರ್ಥಿ ಇದನ್ನು ಕುಳಿತಲ್ಲೇ ಪರಿಶೀಲಿಸಬಹುದು. 75,000 ಲೀಟರನ್ನು 13,300 ಚದರ ಮೀಟರಿಗೆ ಹಂಚಿದರೆ 5.6 ಮಿ.ಮೀ. ಬೇಸಿಗೆಯ ಬಿಸಿಲಿನಲ್ಲಿ ಹುಲ್ಲುಹಾಸಿನಿಂದ ಆವಿಯಾಗಿ ಹೋಗುವ ನೀರು ದಿನಕ್ಕೆ ಹೆಚ್ಚುಕಡಿಮೆ 5 ಮಿ.ಮೀ. ಹಾಗಾಗಿ ಮೊದಲ ಅಂಕಿ ಸಸ್ಯಶಾಸ್ತ್ರಕ್ಕೆ ಹೊಂದುತ್ತದೆ. 15,000 ಲೀಟರೆಂದರೆ 1.1 ಮಿ.ಮೀ. ಮಾತ್ರ, ದಿನವೂ ಅಷ್ಟರಲ್ಲೇ ಹುಲ್ಲು ಹಸಿರಾಗಿರುವುದು ಕಷ್ಟ. ಎರಡೂ ಬೇರೆ ಬೇರೆ ಅಗತ್ಯಗಳನ್ನು ಕುರಿತು ಹೇಳಿದ್ದಿರಬಹುದು. ಆದರೆ ಒಂದು ನಗರ ನೀರಿಗೆ ಬಾಯಿಬಿಡುವಾಗ ಐದು ಪಟ್ಟು ವ್ಯತ್ಯಾಸದ ಎರಡು ಅಂಕಿಗಳು ಓಡಾಡುವುದಕ್ಕೆ ಕಾರಣ ಒಂದೇ: ಕೊಳವೆಯ ಮೇಲಿನ ಮೀಟರಿನ ಓದು ಜನರಿಗೆ ಸಿಗದಿರುವುದು.

ಸಂಸ್ಕರಿಸಿದ ನೀರನ್ನು ಬಳಸಿದ ಕ್ರಮ ಮಾತ್ರ ಮೆಚ್ಚತಕ್ಕದ್ದು. ಹುಲ್ಲಿಗೆ ಕುಡಿಯುವ ನೀರು ಬೇಕಿಲ್ಲ. ಕೊಳೆನೀರಿನಲ್ಲಿ ಉಳಿದ ಸಾರಜನಕ, ರಂಜಕಗಳು ಅದಕ್ಕೆ ಗೊಬ್ಬರವೂ ಹೌದು. ಬರ ಬಂದಾಗ ಮಾಡಿದ ಈ ಏರ್ಪಾಡು ಎಲ್ಲ ವರ್ಷವೂ ಎಲ್ಲ ಮೈದಾನಗಳಿಗೂ ನಿಯಮವಾದರೆ ಅದರ ಲಾಭ ಯಾವ ಹಸಿರು ಅಂಗಿಗಿಂತಲೂ ದೊಡ್ಡದು.

ನೀರನ್ನು ಎಕರೆಯಲ್ಲಿ ಅಳೆಯಬಹುದೇ?

ರಾಯಲ್ ಚಾಲೆಂಜರ್ಸ್ ತಂಡ 2011ರಿಂದ ಋತುವಿಗೊಂದು ಪಂದ್ಯವನ್ನು ಹಸಿರು ಅಂಗಿ ತೊಟ್ಟು ಆಡುವ ರೂಢಿ ಇಟ್ಟುಕೊಂಡಿತು. ಟಾಸ್ ವೇಳೆ ಎದುರಾಳಿ ನಾಯಕನಿಗೆ ಸಸಿಯೊಂದನ್ನು ಕೊಡುವುದನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಇದರಿಂದ ಅರಿವು ಮೂಡುತ್ತದೆ ಎಂಬ ವಾದವಿದೆ. ಇರಬಹುದು, ಆದರೆ ಅರಿವಿಗೆ ಏಕಮಾನವಿಲ್ಲ.

ಇದೇ ತಂಡ ಬೆಂಗಳೂರಿನ ಉತ್ತರ ಭಾಗದಲ್ಲಿ ಕೆರೆಗಳ ಪುನಶ್ಚೇತನಕ್ಕೂ ಹಣ ಕೊಟ್ಟಿತು. ಇಟ್ಟಗಲ್ಲಪುರ, ಸಾದೇನಹಳ್ಳಿ ಕೆರೆಗಳಿಂದ 1.2 ಲಕ್ಷ ಟನ್ನಿಗೂ ಹೆಚ್ಚು ಹೂಳು, ಮರಳು ತೆಗೆಯಲಾಯಿತೆಂದೂ, ಕೆರೆಗಳ ನೀರು ಹಿಡಿಯುವ ಸಾಮರ್ಥ್ಯ 17 ಎಕರೆಗೆ ಏರಿತೆಂದೂ 2024ರ ಏಪ್ರಿಲಿನಲ್ಲಿ ವರದಿಗಳು ಬಂದವು. ಎರಡನೆಯ ವಾಕ್ಯವನ್ನು ಮತ್ತೊಮ್ಮೆ ಓದಿ. ಎಕರೆ ಎಂಬುದು ವಿಸ್ತೀರ್ಣ. ನೀರಿನ ಪ್ರಮಾಣಕ್ಕೆ ವಿಸ್ತೀರ್ಣದ ಜೊತೆ ಆಳವೂ ಬೇಕು. 17 ಎಕರೆಯಲ್ಲಿ ಒಂದು ಮೀಟರು ನಿಂತರೆ 6.9 ಕೋಟಿ ಲೀಟರು; ಮೂರು ಮೀಟರು ನಿಂತರೆ 20 ಕೋಟಿಗೂ ಮಿಕ್ಕಿ. ಏಕಮಾನ ತಪ್ಪಿದರೆ ಉತ್ತರ ಮೂರು ಪಟ್ಟು ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ.

ಇನ್ನು ಮೊದಲ ವಾಕ್ಯ. ಒಂದು ಘನ ಮೀಟರು ಹೂಳು ಸುಮಾರು ಒಂದೂವರೆ ಟನ್ ತೂಗುತ್ತದೆಂದು ಹಿಡಿದರೆ 1.2 ಲಕ್ಷ ಟನ್ನಿಗೆ 80,000 ಘನ ಮೀಟರು, ಅಂದರೆ 8 ಕೋಟಿ ಲೀಟರು ಜಾಗ ತೆರವಾಯಿತು. ಚಿನ್ನಸ್ವಾಮಿ ಮೈದಾನಕ್ಕೆ ದಿನಕ್ಕೆ 75,000 ಲೀಟರಿನಂತೆ ಇದು ಸುಮಾರು ಮೂರು ವರ್ಷದ ನೀರು. ಬಯಲುಸೀಮೆಯಲ್ಲಿ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ನೀರು ಆವಿಯಾಗುತ್ತದೆ, ಕೆರೆ ಪ್ರತಿವರ್ಷ ತುಂಬುವುದೂ ಇಲ್ಲ. ಅದನ್ನೆಲ್ಲ ಕಳೆದರೂ ಉಳಿಯುವುದು ಸಣ್ಣದಲ್ಲ. ತಂಡದ ಕೆಲಸಗಳಲ್ಲಿ ಅತ್ಯಂತ ತೂಕದ್ದು ಇದು. ವಿಪರ್ಯಾಸವೆಂದರೆ ಅಂಗಿಗೆ ಸಿಕ್ಕ ಪ್ರಚಾರ ಕೆರೆಗೆ ಸಿಗಲಿಲ್ಲ. ಸಿಕ್ಕಷ್ಟು ಪ್ರಚಾರದಲ್ಲೂ ಏಕಮಾನ ಸರಿಯಿರಲಿಲ್ಲ.

ಸಸಿಯ ಲೆಕ್ಕ

2023ರ ಐ.ಪಿ.ಎಲ್.ನ ಕೊನೆಯ ಹಂತದ ಪಂದ್ಯಗಳಲ್ಲಿ ರನ್ ಬಾರದ ಪ್ರತಿ ಎಸೆತಕ್ಕೆ 500 ಸಸಿ ನೆಡುವುದಾಗಿ ಕ್ರಿಕೆಟ್ ಮಂಡಳಿ ಘೋಷಿಸಿತು. ಅಂಥ ಎಸೆತಗಳು 294 ಆದವು, ಸಸಿಗಳು 1,47,000. ದೊಡ್ಡ ಸಂಖ್ಯೆ ನಿಜ. ಎರಡು ಮೀಟರಿಗೊಂದರಂತೆ ನೆಟ್ಟರೂ ಇದಕ್ಕೆ ಸುಮಾರು 145 ಎಕರೆ ಭೂಮಿ ಬೇಕು. ಬೇಸಿಗೆಯ 16 ವಾರ ವಾರಕ್ಕೆ 10 ಲೀಟರಿನಂತೆ ನೀರೆರೆದರೆ ಒಂದೇ ಬೇಸಿಗೆಗೆ 2.35 ಕೋಟಿ ಲೀಟರು ನೀರು ಬೇಕು. ಯಾವ ಜಾತಿಯ ಸಸಿ, ಯಾರ ಭೂಮಿ, ನೀರು ಯಾರದು, ಮೂರು ವರ್ಷದ ನಂತರ ಬದುಕಿದ್ದೆಷ್ಟು - ಇವು ಎಸೆತದ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆಗಳು. ನೆಟ್ಟ ಸಸಿ ಘೋಷಣೆ. ಬದುಕಿದ ಮರ ಫಲಿತಾಂಶ.

ಇಷ್ಟು ಉದಾಹರಣೆಗಳಿಂದ ಒಂದು ನಿಯಮ ಹೊರಡುತ್ತದೆ. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವ ಕೆಲಸ ಅಳತೆಗೆ ಸಿಗುವುದಿಲ್ಲ. ಅಳತೆಗೆ ಸಿಗುವ ಕೆಲಸ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವುದಿಲ್ಲ. ಸಂಸ್ಕರಿಸಿದ ನೀರಿನ ಕೊಳವೆ, ಛಾವಣಿಯ ಫಲಕ, ಕೆರೆಯ ಹೂಳು - ಇವು ಎರಡನೆಯ ಗುಂಪಿಗೆ ಸೇರುತ್ತವೆ. ತಂಡಗಳನ್ನು ನಾವು ಹೊಗಳಬೇಕಾದದ್ದೂ, ಪ್ರಶ್ನಿಸಬೇಕಾದದ್ದೂ ಈ ಗುಂಪಿನ ಆಧಾರದ ಮೇಲೆ. ಗೆರೆ ಎಲ್ಲಿದೆ? ಏಕಮಾನ ಯಾವುದು? ಯಾವ ವರ್ಷಕ್ಕೆ ಹೋಲಿಸಿ ಹೇಳುತ್ತಿದ್ದೀರಿ? ಮೀಟರನ್ನು ಓದುವವರು ಯಾರು? ಈ ನಾಲ್ಕು ಪ್ರಶ್ನೆಗೆ ಉತ್ತರವಿಲ್ಲದ ಹಸಿರು, ಬಣ್ಣ ಮಾತ್ರ.

ನಿಮ್ಮ ಶಾಲೆಯ ಮೈದಾನದಲ್ಲಿ

ಶಿಕ್ಷಕ ಮಿತ್ರರೇ, ಜೂನ್ 5ರಂದು ನಮ್ಮ ಶಾಲೆಗಳಲ್ಲೂ ಸಸಿ ನೆಡುತ್ತೇವೆ, ಫೋಟೊ ತೆಗೆಸುತ್ತೇವೆ. ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಡುವ ಪರಿಸ್ಥಿತಿ ಹಲವೆಡೆ ಇದೆ. ದೊಡ್ಡ ತಂಡಗಳನ್ನು ಕೇಳುವ ನಾಲ್ಕು ಪ್ರಶ್ನೆಗಳನ್ನು ನಮ್ಮನ್ನೂ ಕೇಳಿಕೊಳ್ಳಬೇಕು. ಅದಕ್ಕೆ ಪ್ರಯೋಗಶಾಲೆ ಬೇಡ. ಒಂದು ಅಳತೆ ಪಟ್ಟಿ, ಒಂದು ಬಕೆಟ್, ಒಂದು ಗಡಿಯಾರ ಸಾಕು.

ಐನಾಪುರದಂಥ ಊರಿನ ಒಂದು ಶಾಲೆಯನ್ನು ತೆಗೆದುಕೊಳ್ಳಿ. ಛಾವಣಿ 200 ಚದರ ಮೀಟರು, ವರ್ಷದ ಮಳೆ 550 ಮಿ.ಮೀ., ಅದರಲ್ಲಿ ಶೇಕಡ 80ರಷ್ಟು ಹಿಡಿಯಬಹುದು ಎಂದಿಟ್ಟುಕೊಳ್ಳಿ. ವರ್ಷಕ್ಕೆ 88,000 ಲೀಟರು ಸಿಗುತ್ತದೆ. 50 ಸಸಿಗಳಿಗೆ ವಾರಕ್ಕೆ 10 ಲೀಟರಿನಂತೆ 20 ವಾರ ಕೊಟ್ಟರೆ ಖರ್ಚಾಗುವುದು 10,000 ಲೀಟರು. ಅಷ್ಟನ್ನು ಹಿಡಿದಿಡುವ ತೊಟ್ಟಿ ಇದ್ದರೆ 50 ಸಸಿ ಬದುಕುತ್ತವೆ. ಇಲ್ಲದಿದ್ದರೆ 500 ನೆಟ್ಟರೂ ಬದುಕುವುದು ಕಷ್ಟ. ನೀವು ಮೈದಾನಕ್ಕೆ ಹುಲ್ಲು ಹಾಕಲು ಯೋಚಿಸಿದರೆ, 4,000 ಚದರ ಮೀಟರಿಗೆ ದಿನಕ್ಕೆ 5 ಮಿ.ಮೀ.ನಂತೆ 20,000 ಲೀಟರು ಬೇಕೆಂದು ಮಕ್ಕಳೇ ಗುಣಿಸಿ ಹೇಳುತ್ತಾರೆ. ವರ್ಷವಿಡೀ ಛಾವಣಿಯಿಂದ ಹಿಡಿದದ್ದು ಐದು ದಿನಕ್ಕೂ ಸಾಲದೆಂದು ತಿಳಿದಾಗ, ಕೃಷ್ಣೆ ಪಕ್ಕದಲ್ಲೇ ಇದ್ದರೂ ಕಬಡ್ಡಿಗೆ, ಕುಸ್ತಿಗೆ ಮಣ್ಣಿನ ಅಂಕಣವನ್ನೇ ನೆಚ್ಚಿಕೊಂಡ ನಮ್ಮ ಹಿರಿಯರ ಆಯ್ಕೆಯಲ್ಲಿ ಎಷ್ಟು ನೀರು ಉಳಿಯುತ್ತಿತ್ತೆಂಬುದೂ ಅವರಿಗೆ ಹೊಳೆಯಬಹುದು.

ಪರಿಸರ ಸಂಘದ ಫಲಕದ ಮೇಲೆ ಈ ವರ್ಷ 'ನೆಟ್ಟ ಸಸಿಗಳು' ಎಂಬ ಸಾಲಿನ ಪಕ್ಕದಲ್ಲಿ 'ಕಳೆದ ವರ್ಷದವುಗಳಲ್ಲಿ ಬದುಕಿರುವವು' ಎಂದು ಇನ್ನೊಂದು ಸಾಲು ಬರೆಸಿ. ತಿಂಗಳಿಗೊಮ್ಮೆ ಮಕ್ಕಳೇ ಎಣಿಸಿ ತುಂಬಲಿ. ಈ ಲೆಕ್ಕ ಕಲಿತ ಮಕ್ಕಳು ಮುಂದೆ ತಮ್ಮ ಮೆಚ್ಚಿನ ತಂಡದ ಹಸಿರು ಅಂಗಿಯನ್ನು ಕಂಡಾಗ ಚಪ್ಪಾಳೆಯನ್ನೂ ತಟ್ಟುತ್ತಾರೆ, ಲೆಕ್ಕವನ್ನೂ ಕೇಳುತ್ತಾರೆ.